ಬಟಾಣಿ ಎಣಿಸಿ ಬರೆದಿಟ್ಟ ಗುರುಗಳು

1865ನೆಯ ಇಸವಿಯ ಫೆಬ್ರವರಿ 8ರ ಸಂಜೆ, ಅಂದಿನ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಬ್ರನೋ ಪಟ್ಟಣದ ಶಾಲಾ ಕಟ್ಟಡವೊಂದರಲ್ಲಿ ಅಲ್ಲಿನ ನಿಸರ್ಗ ವಿಜ್ಞಾನ ಸಂಘದ ಸಭೆ ಸೇರಿತ್ತು. ಉಪನ್ಯಾಸಕ್ಕೆ ಎದ್ದು ನಿಂತವರು ಅದೇ ಶಾಲೆಯ ಬದಲಿ ಅಧ್ಯಾಪಕರು, ಸಂತ ಅಗಸ್ಟೀನರ ಸಭೆಗೆ ಸೇರಿದ ಧರ್ಮಗುರುಗಳು; ವಯಸ್ಸು ನಲವತ್ತೆರಡು. ಅವರು ಮಾತನಾಡಿದ್ದು ಬಟಾಣಿಯ ಕುರಿತು. ಗುಂಡಗಿನ ಬೀಜಗಳೆಷ್ಟು, ಸುಕ್ಕುಗಟ್ಟಿದವೆಷ್ಟು, ಹಳದಿಯೆಷ್ಟು, ಹಸಿರೆಷ್ಟು ಎಂಬ ಅಂಕಿಗಳೇ ಆ ಭಾಷಣದ ತಿರುಳು. ಮಾತು ಅಂದಿಗೆ ಮುಗಿಯಲಿಲ್ಲ. ಮುಂದಿನ ತಿಂಗಳ 8ರಂದು ಉಳಿದ ಭಾಗವನ್ನು ಓದಿದರು. ಆ ಅಂಕಿಗಳಲ್ಲಿ ಒಂದು ಹೊಸ ಶಾಸ್ತ್ರವೇ ಅಡಗಿದೆಯೆಂಬುದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. ಆ ಗುರುಗಳೇ ಗ್ರೆಗೊರ್ ಮೆಂಡೆಲರು.

ವರ್ಷದ ಮೊದಲ ತಿಂಗಳುಗಳೆಂದರೆ ನಮ್ಮ ಮನೆಗಳಲ್ಲಿ ಮಕ್ಕಳ ಪ್ರಾಯೋಗಿಕ ಪರೀಕ್ಷೆಗಳ ಕಾಲ. ರೆಕಾರ್ಡ್ ಪುಸ್ತಕಗಳಿಗೆ ಕಂದು ಹೊದಿಕೆ ಹಾಕುವುದು, ಚಿತ್ರಗಳಿಗೆ ಗೆರೆ ಎಳೆಯುವುದು, ಸಹಪಾಠಿಯ ಪುಸ್ತಕ ತಂದು ಅಂಕಿಗಳನ್ನು ಇಳಿಸಿಕೊಳ್ಳುವುದು ಎಲ್ಲವೂ ನಡೆಯುತ್ತದೆ. ಅದನ್ನು ಕಂಡಾಗಲೆಲ್ಲ ನಮ್ಮ ಪದವಿಪೂರ್ವ ತರಗತಿಯ ದಿನಗಳು ನೆನಪಾಗುತ್ತವೆ. ಸರಳ ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷದ ಬೆಲೆ 980 ಬರಬೇಕೆಂದು ಪ್ರಯೋಗಕ್ಕೆ ಮುಂಚೆಯೇ ನಮಗೆ ತಿಳಿದಿತ್ತು. ಲೋಲಕದ ಇಪ್ಪತ್ತು ಆಂದೋಲನಗಳನ್ನು ಎಣಿಸುವ ಗೋಜಿಗೆ ಹೋಗದೆ, ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಕಾಲದ ಅಂಕಿಗಳನ್ನು ಬರೆದುಬಿಟ್ಟೆವು. ನಂಬಿಕೆ ಬರಲೆಂದು ಒಂದೆರಡು ಕಡೆ ಚೂರು ಏರುಪೇರು ಮಾಡಿದ್ದೂ ಉಂಟು. ಪೂರ್ಣ ಅಂಕ ಬಂತು. ಅದೇ ದಿನ ಪ್ರಾಮಾಣಿಕವಾಗಿ ಅಳೆದು 931 ಎಂದು ಬರೆದ ಗೆಳೆಯನ ಪುಟದ ಮೇಲೆ ಕೆಂಪು ಶಾಯಿಯ ಗೆರೆ ಬಿತ್ತು. ಇಂದು ಶಾಲೆಯ ಸಂಚಾಲಕರೆಂದು ಕುಳಿತಿರುವಾಗ ಆ ಕೆಂಪು ಗೆರೆ ನಮ್ಮನ್ನು ಬಹಳ ಕಾಡುತ್ತದೆ. ಮೆಂಡೆಲರ ಬದುಕನ್ನು ಈ ವಾರ ಇಲ್ಲಿ ಹೇಳಲು ಹೊರಟಿರುವುದು ಆ ಕಾರಣದಿಂದಲೇ. ಅವರನ್ನು ವಿಜ್ಞಾನಿಯೆಂದು ಹೊಗಳುವ ಲೇಖನಗಳು ಸಾಕಷ್ಟಿವೆ; ಅಳೆದು ಬರೆದಿಡುವ ಕೆಲಸವನ್ನು ಅವರು ಹೇಗೆ ಮಾಡಿದರೆಂಬುದನ್ನು ನಾವು ನೋಡೋಣ.

ಅವರು ಹುಟ್ಟಿದ್ದು 1822ರ ಜುಲೈಯಲ್ಲಿ, ಹೈನ್ಸೆನ್‌ಡಾರ್ಫ್ ಎಂಬ ಹಳ್ಳಿಯಲ್ಲಿ. ಆ ಹಳ್ಳಿ ಇಂದು ಚೆಕ್ ಗಣರಾಜ್ಯದಲ್ಲಿದೆ. ಜ್ಞಾನಸ್ನಾನದ ದಾಖಲೆಪುಸ್ತಕದಲ್ಲಿ ಜನ್ಮದಿನ 20 ಎಂದಿದೆ. ಅವರು ಮಾತ್ರ 22 ಎಂದೇ ಹೇಳುತ್ತಿದ್ದರು. ಧರ್ಮಕೇಂದ್ರದ ಪುಸ್ತಕಗಳನ್ನು ಬರೆಯುವ ನಮ್ಮಂಥವರಿಗೆ ಇದು ಹೊಸ ಸಂಗತಿಯೇನಲ್ಲ. ಹೆತ್ತವರು ಇಟ್ಟ ಹೆಸರು ಯೋಹಾನ್. ತಂದೆ ಅಂತೋನ್ ಸಣ್ಣ ರೈತರು. ಸ್ವಂತ ಹೊಲದ ದುಡಿಮೆಯ ಜತೆಗೆ ಜಮೀನುದಾರರಿಗೆ ವಾರದಲ್ಲಿ ಇಂತಿಷ್ಟು ದಿನ ಬಿಟ್ಟಿ ದುಡಿಯಬೇಕಾಗಿತ್ತು. 1838ರಲ್ಲಿ ಹೀಗೆ ದುಡಿಯುತ್ತಿದ್ದಾಗ ಮರದ ದಿಮ್ಮಿ ಮೈಮೇಲೆ ಬಿದ್ದು ಜೀವನಪರ್ಯಂತ ನಲುಗಿದರು. ಊರಿನ ಶಾಲೆಯಲ್ಲಿ ಓದುಬರಹದ ಜತೆಗೆ ಹಣ್ಣಿನ ಗಿಡಗಳ ಆರೈಕೆಯನ್ನೂ ಕಲಿಸುತ್ತಿದ್ದರೆಂಬುದು ಗಮನಿಸಬೇಕಾದ ವಿಷಯ. ಗಿಡಕ್ಕೆ ಕಸಿ ಕಟ್ಟುವುದನ್ನು ಬಾಲಕ ಅಕ್ಷರದೊಂದಿಗೇ ಕಲಿತ.

ಬಡತನದಲ್ಲಿ ಓದು ಮುಂದುವರಿಯುವುದು ಸುಲಭವಾಗಿರಲಿಲ್ಲ. ಹೊಟ್ಟೆಗೆ ಸಾಲದೆ, ಮನೆಪಾಠ ಹೇಳಿ ದಿನ ದೂಡುತ್ತ, ನಡುವೆ ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಮನೆಯಲ್ಲಿ ಮಲಗಿದ ಹುಡುಗನನ್ನು ಕೈಹಿಡಿದದ್ದು ತಂಗಿ ತೆರೇಸಿಯ. ತನ್ನ ಮದುವೆಗೆಂದು ಇಟ್ಟಿದ್ದ ಪಾಲಿನ ಒಂದಂಶವನ್ನು ಅಣ್ಣನ ಓದಿಗೆ ಬಿಟ್ಟುಕೊಟ್ಟಳು. ಅಣ್ಣ ಮರೆಯಲಿಲ್ಲ: ಮುಂದೆ ಆಕೆಯ ಮೂವರು ಗಂಡುಮಕ್ಕಳ ವಿದ್ಯಾಭ್ಯಾಸಕ್ಕೆ ಅವರೇ ಆಸರೆಯಾದರು, ಇಬ್ಬರು ವೈದ್ಯರಾದರು. ಓಲೊಮೌತ್ಸ್ ಪಟ್ಟಣದಲ್ಲಿ ತತ್ತ್ವಶಾಸ್ತ್ರದ ವ್ಯಾಸಂಗ ಮುಗಿಸಿದ ಮೇಲೆ ಭೌತಶಾಸ್ತ್ರದ ಪ್ರಾಧ್ಯಾಪಕ ಫ್ರಾನ್ಸ್ ಅವರ ಶಿಫಾರಸಿನಿಂದ 1843ರಲ್ಲಿ ಬ್ರನೋದ ಸಂತ ತೋಮಸರ ಮಠಕ್ಕೆ ಸೇರಿ ಗ್ರೆಗೊರ್ ಎಂಬ ಹೆಸರು ಪಡೆದರು. ಆ ಮಠದ ಅಧ್ಯಕ್ಷರಾದ ಸಿರಿಲ್ ನಾಪ್ ವಿದ್ಯಾಪಕ್ಷಪಾತಿಗಳು. ತಳಿ ಸುಧಾರಣೆಯಲ್ಲಿ ಆಸಕ್ತರು. ಅವರಿಲ್ಲದೆ ಮೆಂಡೆಲರಿಲ್ಲ.

1847ರಲ್ಲಿ ಗುರುದೀಕ್ಷೆಯಾಯಿತು. ರೋಗಿಗಳನ್ನೂ ಸಾಯುತ್ತಿರುವವರನ್ನೂ ಸಂದರ್ಶಿಸುವ ಸೇವೆ ಅವರಿಗೆ ಒಗ್ಗಲಿಲ್ಲ. ಅನ್ಯರ ನೋವು ಕಂಡು ತಾವೇ ಹಾಸಿಗೆ ಹಿಡಿದರು. ಇದನ್ನು ಕೊರತೆಯೆನ್ನುವವರು ಎನ್ನಲಿ. ನಾಪ್ ಅವರು ಅದನ್ನು ಅರಿತು 1849ರಲ್ಲಿ ಜ್ನೋಯ್ಮೊ ಪಟ್ಟಣದ ಶಾಲೆಗೆ ಅಧ್ಯಾಪಕರನ್ನಾಗಿ ಕಳುಹಿಸಿದರು. ಕಲಿಸುವುದರಲ್ಲಿ ಅವರು ಮಿಂಚಿದರು. ಆದರೆ ಖಾಯಂ ಅಧ್ಯಾಪಕರಾಗಲು ವಿಯೆನ್ನಾದಲ್ಲಿ ಸರಕಾರಿ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಿತ್ತು. 1850ರಲ್ಲಿ ಬರೆದರು, ಅನುತ್ತೀರ್ಣರಾದರು. ಸಸ್ತನಿಗಳ ವರ್ಗೀಕರಣದ ಕುರಿತು ಬರೆದ ಉತ್ತರ ಪರೀಕ್ಷಕರಿಗೆ ಒಪ್ಪಿಗೆಯಾಗಲಿಲ್ಲ. 1856ರಲ್ಲಿ ಮತ್ತೊಮ್ಮೆ ಕುಳಿತರು. ಅಸ್ವಸ್ಥರಾಗಿ ಅರ್ಧದಲ್ಲೇ ಹಿಂದಿರುಗಿದರು. ಹೀಗೆ ಹದಿನಾಲ್ಕು ವರ್ಷ ಬ್ರನೋದ ಶಾಲೆಯಲ್ಲಿ ವಿಜ್ಞಾನ ಬೋಧಿಸಿದ ಈ ಮಹನೀಯರು ಕೊನೆಯವರೆಗೂ ಬದಲಿ ಅಧ್ಯಾಪಕರಾಗಿಯೇ ಉಳಿದರು. ತಳಿಶಾಸ್ತ್ರದ ಪಿತಾಮಹರಿಗೆ ಶಾಲಾ ವಿಜ್ಞಾನದ ಅಧ್ಯಾಪನಕ್ಕೆ ಪ್ರಮಾಣಪತ್ರವಿರಲಿಲ್ಲ.

ಆದರೆ ಮೊದಲ ಸೋಲಿನಿಂದ ಒಂದು ಉಪಕಾರವಾಯಿತು. ಹೆಚ್ಚಿನ ಶಿಕ್ಷಣ ಬೇಕೆಂಬ ಸಲಹೆಯಂತೆ ಮಠವು ಅವರನ್ನು 1851ರಿಂದ 1853ರವರೆಗೆ ವಿಯೆನ್ನಾ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿತು. ಧ್ವನಿಯ ಅಲೆಗಳ ಮೇಲಿನ ಶೋಧದಿಂದ ಹೆಸರಾದ ಡಾಪ್ಲರ್ ಅವರ ಭೌತಶಾಸ್ತ್ರ ಸಂಸ್ಥೆಯಲ್ಲಿ ಪ್ರಯೋಗಗಳನ್ನು ಯೋಜಿಸುವುದನ್ನು ಕಲಿತರು. ಎಟಿಂಗ್ಸ್‌ಹೌಸೆನ್ ಅವರಿಂದ ಸಂಯೋಜನೆಗಳ ಗಣಿತ. ಉಂಗರ್ ಅವರಿಂದ ಸಸ್ಯಶಾಸ್ತ್ರ. ಹೂವು ಅರಿತವರು ಎಷ್ಟೋ ಜನ, ಗಣಿತ ಅರಿತವರೂ ಎಷ್ಟೋ ಜನ. ಎರಡೂ ಕೂಡಿದ ತಲೆ ಅಪರೂಪ.

ಗುರುಮಠದ ದಿನಗಳಲ್ಲಿ ನಾವು ಅರಿಸ್ಟಾಟಲನ ಪದಾರ್ಥ ವಿಂಗಡಣೆಯನ್ನು ಬಾಯಿಪಾಠ ಮಾಡುತ್ತಿದ್ದೆವು: ಗುಣವೇ ಬೇರೆ, ಪರಿಮಾಣವೇ ಬೇರೆ. ಗುಂಡಗಿರುವುದು, ಹಳದಿಯಾಗಿರುವುದು ಗುಣ. ಅದನ್ನು ಮೊಳದಲ್ಲಿ ಅಳೆಯಲಾಗದು, ಸೇರಿನಲ್ಲಿ ಅಳೆಯಲಾಗದು. ಮೆಂಡೆಲರು ಮಾಡಿದ ದೊಡ್ಡ ಕೆಲಸವೆಂದರೆ ಗುಣವನ್ನು ಅಳೆಯಲು ಹೋಗದೆ, ಆ ಗುಣವುಳ್ಳವು ಎಷ್ಟೆಂದು ಎಣಿಸಿದ್ದು. ಅದಕ್ಕಾಗಿ ಅವರು ಮೊದಲು ಸಂದೇಹಕ್ಕೆ ಎಡೆಯಿರುವ ಲಕ್ಷಣಗಳನ್ನು ಬದಿಗಿಟ್ಟರು. ಸ್ವಲ್ಪ ಹೆಚ್ಚು, ಸ್ವಲ್ಪ ಕಡಿಮೆ ಎಂಬ ರೀತಿಯಲ್ಲಿ ಮಾತ್ರ ಬೇರೆಯಾಗುವ ಗುಣಗಳನ್ನು ಮುಟ್ಟದೆ, ನೋಡಿದೊಡನೆ ಇದು ಇದೇ ಎಂದು ಹೇಳಬಹುದಾದ ಏಳನ್ನು ಆರಿಸಿಕೊಂಡರು: ಬೀಜದ ಆಕಾರ, ಬೀಜದ ಬಣ್ಣ, ಬೀಜದ ಸಿಪ್ಪೆಯ ಬಣ್ಣ, ಕಾಯಿಯ ಆಕಾರ, ಕಾಯಿಯ ಬಣ್ಣ, ಹೂವಿನ ಸ್ಥಾನ, ಕಾಂಡದ ಉದ್ದ. ಬೀಜದ ವ್ಯಾಪಾರಿಗಳಿಂದ 34 ಬಗೆಯ ಬಟಾಣಿ ತರಿಸಿದರು. ಎರಡು ವರ್ಷ ಬೆಳೆಸಿ, ಸಂತತಿಯಲ್ಲಿ ಬದಲಾಗದೆ ಉಳಿದವುಗಳಲ್ಲಿ 22ನ್ನು ಇಟ್ಟುಕೊಂಡರು. ಪ್ರಯೋಗಕ್ಕೆ ಮುಂಚೆ ಉಪಕರಣವನ್ನು ಪರೀಕ್ಷಿಸುವುದೆಂದರೆ ಇದೇ.

1856ರಿಂದ 1863ರವರೆಗೆ ಮಠದ ತೋಟದಲ್ಲಿ ಸುಮಾರು 28 ಸಾವಿರ ಗಿಡಗಳು ಬೆಳೆದವು. ಕೋಲು, ಮರದ ಟಿಸಿಲು, ಎಳೆದು ಕಟ್ಟಿದ ದಾರ ಇವೇ ಅವರ ಪ್ರಯೋಗಾಲಯದ ಸಾಮಗ್ರಿ. ಹೂವು ಅರಳುವ ಮೊದಲೇ ಮೊಗ್ಗನ್ನು ಬಿಡಿಸಿ, ಚಿಮಟದಿಂದ ಒಂದೊಂದೇ ಕೇಸರವನ್ನು ಕಿತ್ತು, ಬೇರೆ ಗಿಡದ ಪರಾಗವನ್ನು ಸವರಬೇಕು. ಕೀಟಗಳು ಬಂದು ಲೆಕ್ಕ ಕೆಡಿಸಿದರೆ ತಿಳಿಯುವುದು ಹೇಗೆ? ಅದಕ್ಕಾಗಿ ಕೆಲವು ಗಿಡಗಳನ್ನು ಕುಂಡಗಳಲ್ಲಿ ಬೆಳೆಸಿ, ಹೂಬಿಡುವ ಕಾಲದಲ್ಲಿ ಗಾಜಿನ ಮನೆಯೊಳಗೆ ಇಟ್ಟು ಹೋಲಿಸಿ ನೋಡಿದರು. ಗಿಡ್ಡ ಗಿಡಗಳನ್ನು ಎತ್ತರದ ಒಡನಾಡಿಗಳು ಮುಚ್ಚಿ ಸಾಯಿಸುತ್ತವೆಂದು ಕಂಡು, ಅವನ್ನು ಜೋಪಾನವಾಗಿ ಕಿತ್ತು ಬೇರೆ ಪಾತಿಗೆ ನೆಟ್ಟರು. ಇಲ್ಲವಾದರೆ ಗಿಡ್ಡ ಗಿಡಗಳ ಸಂಖ್ಯೆ ಸುಳ್ಳಾಗುತ್ತಿತ್ತು. ಇಂಥ ಸಣ್ಣ ಎಚ್ಚರಿಕೆಗಳನ್ನೆಲ್ಲ ತಮ್ಮ ಲೇಖನದಲ್ಲಿ ಬರೆದಿಟ್ಟಿದ್ದಾರೆ.

ಫಲಿತಾಂಶ ಇಂದು ಹತ್ತನೆಯ ತರಗತಿಯ ಮಕ್ಕಳಿಗೂ ಗೊತ್ತು. ಗುಂಡು ಬೀಜದ ತಳಿಯನ್ನೂ ಸುಕ್ಕು ಬೀಜದ ತಳಿಯನ್ನೂ ಕೂಡಿಸಿದರೆ ಮೊದಲ ಪೀಳಿಗೆಯಲ್ಲಿ ಎಲ್ಲವೂ ಗುಂಡು. ಸುಕ್ಕು ಎಲ್ಲಿ ಹೋಯಿತೋ ತಿಳಿಯದು. ಅವುಗಳ ಮಕ್ಕಳಲ್ಲಿ ಅದು ಮರಳಿ ಬರುತ್ತದೆ, ಮೂರಕ್ಕೆ ಒಂದರ ಪ್ರಮಾಣದಲ್ಲಿ. ಆದರೆ ಮೆಂಡೆಲರು ಬರೆದದ್ದು ಮೂರಕ್ಕೆ ಒಂದು ಎಂದಷ್ಟೇ ಅಲ್ಲ. 253 ಗಿಡಗಳಿಂದ 7,324 ಬೀಜ. ಅದರಲ್ಲಿ ಗುಂಡು 5,474, ಸುಕ್ಕು 1,850. ಪ್ರಮಾಣ 2.96ಕ್ಕೆ 1. ಬಣ್ಣದ ಪ್ರಯೋಗದಲ್ಲಿ 8,023 ಬೀಜ. ಹಳದಿ 6,022, ಹಸಿರು 2,001. ಪ್ರಮಾಣ 3.01ಕ್ಕೆ 1. ಕಾಯಿಯ ಬಣ್ಣದಲ್ಲಿ 428ಕ್ಕೆ 152, ಅಂದರೆ 2.82ಕ್ಕೆ 1. ಅದನ್ನು ತಿದ್ದಿ 3 ಎಂದು ಬರೆಯಲಿಲ್ಲ.

ಇಷ್ಟಕ್ಕೇ ನಿಲ್ಲದೆ ಮೊದಲ ಹತ್ತು ಗಿಡಗಳ ಲೆಕ್ಕವನ್ನು ಒಂದೊಂದಾಗಿ ಕೊಟ್ಟಿದ್ದಾರೆ. ಮೊದಲನೆಯದರಲ್ಲಿ 45 ಗುಂಡು, 12 ಸುಕ್ಕು. ನಾಲ್ಕನೆಯದರಲ್ಲಿ 19ಕ್ಕೆ 10. ಏಳನೆಯದರಲ್ಲಿ 88ಕ್ಕೆ 24. ಹತ್ತನ್ನೂ ಕೂಡಿಸಿದರೆ 336ಕ್ಕೆ 101. ಮೂರಕ್ಕಿಂತ ಸಾಕಷ್ಟು ಹೆಚ್ಚು. ಒಂದು ಗಿಡದಲ್ಲಿ 43 ಗುಂಡು ಬೀಜಗಳಿಗೆ ಸುಕ್ಕು ಎರಡೇ ಎರಡು. ಮತ್ತೊಂದರಲ್ಲಿ 14ಕ್ಕೆ 15. ನಿಯಮವನ್ನು ಅಣಕಿಸುವಂತಿರುವ ಈ ಗಿಡಗಳನ್ನು ಮುಚ್ಚಿಡಬೇಕೆಂದು ಅವರಿಗೆ ಅನಿಸಲಿಲ್ಲ. ಹಸಿರು ಬೀಜ ಕೆಲವೊಮ್ಮೆ ಬಿಳಿಚಿಕೊಂಡು ಹಳದಿಯಂತೆ ಕಾಣುವುದೆಂದೂ, ಕಣ್ಣು ಪಳಗಿದರೆ ಮೋಸ ಹೋಗುವುದಿಲ್ಲವೆಂದೂ ತಿಳಿಸಿದ್ದಾರೆ. ಒಂದಡಿಯ ಕಾಂಡಕ್ಕೂ ಆರಡಿಯ ಕಾಂಡಕ್ಕೂ ಹುಟ್ಟಿದ ಮಿಶ್ರತಳಿ ಆರರಿಂದ ಏಳೂವರೆ ಅಡಿ ಬೆಳೆದು ಹೆತ್ತವರನ್ನೇ ಮೀರಿಸಿದ್ದನ್ನೂ ದಾಖಲಿಸಿದ್ದಾರೆ.

ನಮಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಾಯಿಯ ಬಣ್ಣದ ಪ್ರಯೋಗದ ಮುಂದುವರಿದ ಭಾಗ. ಹಸಿರು ಕಾಯಿಯ ನೂರು ಗಿಡಗಳಲ್ಲಿ ಎಷ್ಟು ಶುದ್ಧ, ಎಷ್ಟು ಮಿಶ್ರ ಎಂದು ಪರೀಕ್ಷಿಸಿದಾಗ, ಮಿಶ್ರ 67ರ ಸುಮಾರಿಗೆ ಬರಬೇಕಿದ್ದಲ್ಲಿ 60 ಬಂತು, ಶುದ್ಧ 40. ಮೆಂಡೆಲರು ಇಡೀ ಪ್ರಯೋಗವನ್ನು ಇನ್ನೊಂದು ಬಾರಿ ಮಾಡಿದರು. ಈ ಸಲ 65ಕ್ಕೆ 35. ಎರಡನ್ನೂ ಅಚ್ಚುಹಾಕಿಸಿದರು. ಮೊದಲ ಅಂಕಿಯನ್ನು ಹೊಡೆದುಹಾಕಿ ಎರಡನೆಯದನ್ನಷ್ಟೇ ಕೊಟ್ಟಿದ್ದರೆ ಕೇಳುವವರು ಯಾರಿದ್ದರು?

ಉಪನ್ಯಾಸ 1866ರಲ್ಲಿ ಸಂಘದ ವಾರ್ಷಿಕ ಸಂಪುಟದಲ್ಲಿ ಅಚ್ಚಾಯಿತು. ಮೆಂಡೆಲರು 40 ಪ್ರತ್ಯೇಕ ಪ್ರತಿಗಳನ್ನು ತರಿಸಿಕೊಂಡು ಕೆಲವನ್ನು ವಿದ್ವಾಂಸರಿಗೆ ಕಳುಹಿಸಿದರು. ಮ್ಯೂನಿಕ್‌ನ ಹೆಸರಾಂತ ಸಸ್ಯಶಾಸ್ತ್ರಜ್ಞ ನೇಗೆಲಿಯವರೊಂದಿಗೆ ಏಳು ವರ್ಷ ಪತ್ರವ್ಯವಹಾರ ನಡೆಯಿತು. ಬಟಾಣಿಯ ಲೆಕ್ಕದ ಮಹತ್ವ ಮಾತ್ರ ಅವರ ಮನಸ್ಸಿಗೆ ನಾಟಲಿಲ್ಲ. ಅವರ ಆಸಕ್ತಿಯೆಲ್ಲ ಹೀರಾಸಿಯಂ ಎಂಬ ಹಳದಿ ಹೂವಿನ ಕಾಡುಗಿಡದ ಮೇಲೆ. ಮೆಂಡೆಲರು ಅದರ ಮೇಲೂ ಪ್ರಯೋಗ ನಡೆಸಿದರು. ಅದರ ಹೂವು ಬಹು ಸಣ್ಣದು. ಕನ್ನಡಿಯ ಬೆಳಕಿನಲ್ಲಿ, ಭೂತಗಾಜಿನ ಕೆಳಗೆ ಕೆಲಸಮಾಡಿ ಕಣ್ಣುಗಳೇ ಸೋತುಹೋದವು. ಆ ಗಿಡ ಬಟಾಣಿಯ ನಿಯಮಕ್ಕೆ ಬಗ್ಗಲಿಲ್ಲ. ಅದು ಪರಾಗದ ಸಂಗವಿಲ್ಲದೆಯೇ ಬೀಜ ಕಟ್ಟುವ ಗಿಡವೆಂದು ಅಂದು ಲೋಕಕ್ಕೆ ಗೊತ್ತಿರಲಿಲ್ಲ; ತಿಳಿದದ್ದು 20ನೆಯ ಶತಮಾನದ ಆರಂಭದಲ್ಲಿ. ತಮ್ಮ ಸಿದ್ಧಾಂತಕ್ಕೆ ಎದುರಾಗಿ ನಿಂತ ಆ ಫಲಿತಾಂಶವನ್ನೂ ಮೆಂಡೆಲರು ಅದೇ ಸಂಘದ ಮುಂದೆ 1869ರಲ್ಲಿ ಓದಿದರು.

ಅಷ್ಟರಲ್ಲಿ, 1868ರ ಮಾರ್ಚ್‌ನಲ್ಲಿ, ಅವರು ಮಠಾಧ್ಯಕ್ಷರಾಗಿ ಆರಿಸಲ್ಪಟ್ಟಿದ್ದರು. ಶಾಲೆ ಬಿಡಬೇಕಾಯಿತು. 1874ರಲ್ಲಿ ಮಠಗಳ ಆಸ್ತಿಯ ಮೇಲೆ ಸರಕಾರ ವಿಧಿಸಿದ ತೆರಿಗೆಯನ್ನು ಅನ್ಯಾಯವೆಂದು ಎದುರಿಸಿ, ಸಾಯುವವರೆಗೆ ಅದೇ ಜಗಳದಲ್ಲಿ ನೆಮ್ಮದಿ ಕಳೆದುಕೊಂಡರು. ಆ ಕಥೆ ನಮಗೆ ಇಲ್ಲಿ ಬೇಡ.

ಆದರೆ ಅಳೆಯುವ ಚಾಳಿ ಬಿಡಲಿಲ್ಲ. 1857ರಿಂದ ಆರಂಭಿಸಿ ಬ್ರನೋದ ಉಷ್ಣತೆ, ವಾಯುಭಾರ, ಮಳೆಗಳನ್ನು ದಿನದಿನವೂ ಬರೆದಿಡುತ್ತಿದ್ದರು. ಜೀವನದ ಕೊನೆಯ ವರ್ಷಗಳವರೆಗೂ ಅದು ನಡೆಯಿತು. ಸೂರ್ಯನ ಕಲೆಗಳನ್ನು ನೋಡಿ ಗುರುತಿಸಿದರು. ಬಾವಿಯ ನೀರಿನ ಮಟ್ಟ ಅಳೆದರು. ಪಟ್ಟಣದ ವೈದ್ಯ ಓಲೆಕ್ಸಿಕ್ ಅವರು ಹದಿನೈದು ವರ್ಷ ಬರೆದಿಟ್ಟಿದ್ದ ಹವಾಮಾನದ ಅಂಕಿಗಳನ್ನು ಕೋಷ್ಟಕ, ರೇಖಾಚಿತ್ರಗಳಾಗಿ ಜೋಡಿಸಿ 1863ರಲ್ಲಿ ಪ್ರಕಟಿಸಿದರು. 1870ರ ಅಕ್ಟೋಬರ್ 13ರಂದು ಭಾರಿ ಸುಂಟರಗಾಳಿಯೊಂದು ಮಠದ ಮೇಲೆಯೇ ಹಾದುಹೋಯಿತು. ಹೆಂಚುಗಳು ಹಾರಿ ಬಂದು ಕಿಟಕಿಗಳನ್ನು ಒಡೆದವು. ಅಂಥ ವೇಳೆಯಲ್ಲೂ ಈ ಮಠಾಧ್ಯಕ್ಷರು ಯಾವ ವಸ್ತು ಯಾವ ದಿಕ್ಕಿನಿಂದ ಬಂದು ಬಿತ್ತೆಂದು ಗಮನಿಸಿ, ಗಾಳಿ ರೂಢಿಯ ದಿಕ್ಕಿಗೆ ವಿರುದ್ಧವಾಗಿ ಸುತ್ತಿತೆಂದು ತರ್ಕಿಸಿ, ಮರುವರ್ಷ ಲೇಖನ ಬರೆದರು. ಜನರ ಮನಸ್ಸು ಬೇರೆಡೆಗೆ ಹೋಗಬಹುದಾಗಿದ್ದ ಗಳಿಗೆಯಲ್ಲಿ ದಿಕ್ಕು ಗುರುತಿಸಿದ ಈ ಸ್ಥೈರ್ಯವನ್ನು ನಾವು ಭಕ್ತಿಗೆ ಹೊರತಾದುದೆಂದು ಎಣಿಸುವುದಿಲ್ಲ. ಸೃಷ್ಟಿಯಲ್ಲಿ ಅಳತೆ, ಎಣಿಕೆ, ತೂಕಗಳಿರುವ ಪ್ರಸ್ತಾಪ ಜ್ಞಾನಗ್ರಂಥದ ಹನ್ನೊಂದನೆಯ ಅಧ್ಯಾಯದಲ್ಲಿದೆ. ಸಂತ ಅಗಸ್ಟೀನರು ಅದರ ಮೇಲೆ ಮತ್ತೆ ಮತ್ತೆ ಚಿಂತಿಸಿದ್ದಾರೆ. ಮೆಂಡೆಲರು ಅವರ ನಿಯಮಾವಳಿಯಂತೆ ಬಾಳಿದವರು.

1884ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ಮೂತ್ರಪಿಂಡದ ವ್ಯಾಧಿಯಿಂದ ತೀರಿಕೊಂಡರು. ಅಂತ್ಯವಿಧಿಯ ಬಲಿಪೂಜೆಯ ಸಂಗೀತವನ್ನು ನಿರ್ವಹಿಸಿದವರು ಮುಂದೆ ಖ್ಯಾತ ಸಂಗೀತಕಾರರಾದ ಯಾನಾಚೆಕ್. 1900ರಲ್ಲಿ ಡಿ ವ್ರೀಸ್, ಕೊರೆನ್ಸ್, ಚೆರ್ಮಾಕ್ ಎಂಬ ಮೂವರು ಬೇರೆ ಬೇರೆಯಾಗಿ ಅದೇ ದಾರಿಯಲ್ಲಿ ನಡೆದು ಬಂದಾಗ, ಮೂವತ್ತನಾಲ್ಕು ವರ್ಷ ಹಿಂದಿನ ಆ ಸಂಪುಟದಲ್ಲಿ ಎಲ್ಲವೂ ಅಂಕಿ ಸಹಿತ ಕಾದಿತ್ತು.

ಇಲ್ಲಿಗೆ ಮುಗಿಸಿದ್ದರೆ ಓದುಗರಿಗೆ ಸಂತೋಷವಾಗುತ್ತಿತ್ತೇನೋ. ಆದರೆ ಅಂಕಿಗಳ ಪ್ರಾಮಾಣಿಕತೆಯ ಮಾತೆತ್ತಿದ ಮೇಲೆ ಮೆಂಡೆಲರ ಮೇಲಿನ ಆಪಾದನೆಯನ್ನು ಬಚ್ಚಿಡುವುದು ಸರಿಯಲ್ಲ. 1936ರಲ್ಲಿ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ ಈ ಲೆಕ್ಕಗಳನ್ನೆಲ್ಲ ಪರೀಕ್ಷಿಸಿ, ಇವು ನಂಬಲಾಗದಷ್ಟು ಚೆನ್ನಾಗಿವೆ ಎಂಬ ತೀರ್ಮಾನಕ್ಕೆ ಬಂದರು. ನಾಣ್ಯವನ್ನು ನೂರು ಬಾರಿ ಚಿಮ್ಮಿದರೆ ಪ್ರತಿಸಲವೂ ಐವತ್ತೇ ಬರುವುದಿಲ್ಲ. ಬಂದರೆ ಅನುಮಾನ ಪಡಬೇಕು. ಅವರ ಒಂದು ವಾದ ಹೀಗಿದೆ. ಗಿಡ ಶುದ್ಧವೋ ಮಿಶ್ರವೋ ಎಂದು ತಿಳಿಯಲು ಮೆಂಡೆಲರು ಪ್ರತಿಯೊಂದರ ಹತ್ತು ಬೀಜಗಳನ್ನು ಬಿತ್ತಿದರು. ಹತ್ತರಲ್ಲಿ ಒಂದಾದರೂ ದುರ್ಬಲ ಗುಣ ತೋರಿಸಿದರೆ ಗಿಡ ಮಿಶ್ರ. ಆದರೆ ಮಿಶ್ರ ಗಿಡದ ಹತ್ತು ಮಕ್ಕಳೂ ಪ್ರಬಲ ಗುಣವನ್ನೇ ತೋರಿಸಿ ಮೋಸಗೊಳಿಸುವ ಸಂಭವವಿದೆ. ಸುಮಾರು ಹದಿನೆಂಟರಲ್ಲಿ ಒಂದು ಸಲ. ಹಾಗಾಗಿ 600 ಗಿಡಗಳಲ್ಲಿ ಮಿಶ್ರವೆಂದು ಕಾಣಬೇಕಾದದ್ದು 400 ಅಲ್ಲ, 378ರ ಸುಮಾರು. ಮೆಂಡೆಲರ ಲೆಕ್ಕದಲ್ಲಿರುವುದು 399. ಸಿದ್ಧಾಂತದ ಸರಿಯುತ್ತರಕ್ಕೆ ಹತ್ತಿರ. ಆ ವಿಧಾನದಿಂದ ಬರಬೇಕಾದ ಉತ್ತರಕ್ಕೆ ದೂರ.

ನಮ್ಮ ಲೋಲಕದ 980ರ ನೆನಪಾಗಿ ಮೊದಲ ಬಾರಿ ಇದನ್ನು ಓದಿದಾಗ ನಮ್ಮ ಎದೆ ಧಸಕ್ಕೆಂದಿತು. ಫಿಷರ್ ಅವರಂತೂ ಮೆಂಡೆಲರನ್ನು ನೇರವಾಗಿ ದೂಷಿಸಲಿಲ್ಲ. ಏನು ಬರಬೇಕೆಂದು ಬಲ್ಲ ಸಹಾಯಕರಾರೋ ಗುರುಗಳನ್ನು ಸಂತೋಷಪಡಿಸಲು ಕೈಯಾಡಿಸಿರಬಹುದೆಂದು ಊಹಿಸಿದರು. ಆ ಮೇಲೆ ಎಷ್ಟೋ ವಿದ್ವಾಂಸರು ಪರ ವಿರೋಧ ವಾದಿಸಿದ್ದಾರೆ. ಹತ್ತಕ್ಕಿಂತ ಹೆಚ್ಚು ಬೀಜ ಬಿತ್ತಿ, ಕೊನೆಗೆ ಹತ್ತನ್ನು ಉಳಿಸಿಕೊಂಡಿರಬಹುದೆಂಬುದು ಒಂದು ಸಮಾಧಾನ. ಸಂದೇಹವುಳ್ಳ ಬೀಜವನ್ನು ಕೈಯಲ್ಲಿ ಹಿಡಿದಾಗ, ಬಯಸಿದ ಕಡೆಗೆ ಮನಸ್ಸು ತಿಳಿಯದೆಯೇ ವಾಲಿರಬಹುದೆಂಬುದು ಇನ್ನೊಂದು. 2008ರಲ್ಲಿ ಕೆಲವು ಪಂಡಿತರು ಈ ವಿವಾದಕ್ಕೆ ತೆರೆ ಎಳೆಯಲೆಂದೇ ಒಂದು ಗ್ರಂಥ ತಂದು, ಬುದ್ಧಿಪೂರ್ವಕ ವಂಚನೆಯೆನ್ನಲು ಸಾಕಷ್ಟು ಆಧಾರವಿಲ್ಲವೆಂದರು.

ಪಾಪನಿವೇದನೆಯ ಪೀಠದಲ್ಲಿ ವರ್ಷಗಟ್ಟಲೆ ಕುಳಿತ ನಮಗೆ, ತಿಳಿದು ಮಾಡಿದ ಸುಳ್ಳಿಗೂ ತಿಳಿಯದೆ ವಾಲಿದ ಮನಸ್ಸಿಗೂ ಇರುವ ಅಂತರ ಚಿಕ್ಕದಲ್ಲವೆಂದು ಗೊತ್ತು. 60ಕ್ಕೆ 40 ಎಂಬ ಬಂದ ಹಾಗೆಯೇ ಬರೆದ ಅಂಕಿಯನ್ನೂ, 14ಕ್ಕೆ 15ರ ಹಟಮಾರಿ ಗಿಡವನ್ನೂ ಕಂಡ ಮೇಲೆ ಅವರು ಬೇಕೆಂದೇ ಸುಳ್ಳು ಬರೆದರೆಂದು ನಂಬಲು ನಮ್ಮ ಮನಸ್ಸು ಒಪ್ಪದು. ಆದರೆ ಮನಸ್ಸು ಒಪ್ಪದಿರುವುದು ಪುರಾವೆಯಲ್ಲವೆಂಬುದನ್ನೂ ಬಲ್ಲೆವು. ಬೇಕಾದದ್ದು ತೋಟದ ದಿನಚರಿ: ಯಾವ ಪಾತಿಯಲ್ಲಿ ಎಷ್ಟು ಬೀಜ ಬಿತ್ತಿದರು, ಎಷ್ಟು ಮೊಳೆತವು, ಸಂದೇಹಾಸ್ಪದವಾದವನ್ನು ಎಲ್ಲಿ ಸೇರಿಸಿದರು ಎಂಬ ಕಚ್ಚಾ ಲೆಕ್ಕ. 1865ರ ಉಪನ್ಯಾಸದ ಕೈಬರಹ ಉಳಿದಿದೆ. 2021ರಲ್ಲಿ ಸಮಾಧಿಯನ್ನು ತೆರೆದು ಮೆಂಡೆಲರ ಅಸ್ಥಿಯಿಂದ ಅವರದೇ ವಂಶವಾಹಿಗಳನ್ನೂ ಓದಿದ್ದಾರೆ. ಆದರೆ ಎಂಟು ವರ್ಷಗಳ ತೋಟದ ಪುಸ್ತಕಗಳಿಲ್ಲ. ಅವರ ಮರಣದ ನಂತರ ಖಾಸಗಿ ಕಾಗದಪತ್ರಗಳನ್ನು ಮಠದಲ್ಲೇ ಸುಟ್ಟುಹಾಕಿದರೆಂದು ಹೇಳುತ್ತಾರೆ.